ಗಾರೆ ಹೊತ್ತ ಹುಚ್ಚಕ್ಕನ ಎದೆಬೇನೆ

ಮಾಡದಕೆರೆಯ ಹುಚ್ಚಕ್ಕನಿಗೆ ಹನ್ನೊಂದನೇ ವಯಸ್ಸಿನಲ್ಲಿ ಕೀಲುಜ್ವರ ಬಂತು. ಮೊದಲು ಮೊಣಕಾಲು ಬಾತವು. ಅವು ಇಳಿಯುವಷ್ಟರಲ್ಲಿ ಮಣಿಕಟ್ಟು. ಅವಳವ್ವ ಎಕ್ಕದ ಎಲೆ ಕಾಯಿಸಿ ಕಟ್ಟಿದಳು. ಎರಡು ತಿಂಗಳಿಗೆ ಹುಡುಗಿ ಎದ್ದು ಓಡಾಡಿದಳು. ಕಾಯಿಲೆ ಹೋಯಿತೆಂದು ಎಲ್ಲರೂ ಮರೆತರು.

ಹದಿನಾರಕ್ಕೆ ಪಾಪಣ್ಣನೊಂದಿಗೆ ಮದುವೆಯಾಯಿತು. ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗಿ ಅಲ್ಲೇ ಗುಡಿಸಲು ಹಾಕಿಕೊಂಡರು. ಅವನು ಕಲ್ಲು ಹೊತ್ತ, ಅವಳು ಗಾರೆ ಹೊತ್ತಳು. ಕಟ್ಟೆ ಎತ್ತರವಾದಂತೆ ಅವಳಿಗೆ ಏದುಸಿರು ಹೆಚ್ಚಿತು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು, ಸಂಜೆಗೆ ಪಾದ ಬಾತುಕೊಳ್ಳುತ್ತಿದ್ದವು.

ಆ ಕಣಿವೆಯಲ್ಲಿ ಚಳಿಜ್ವರ ಬಾರದವರೇ ಇರಲಿಲ್ಲ. ಪಾಪಣ್ಣ ದಿನ ಬಿಟ್ಟು ದಿನ ಗಡಗಡ ನಡುಗಿ, ಮಾರನೆಯ ದಿನ ಎದ್ದು ಕಲ್ಲಿಗೆ ಹೋಗುತ್ತಿದ್ದ.

"ನಂಗೆ ಇಷ್ಟು ಜ್ವರ ಬಂದ್ರೂ ದುಡೀತೀನಿ. ನಿಂಗೆ ಮೈ ಬಿಸೀನೂ ಇಲ್ಲ. ಸುಮ್ನೆ ಕುಂತ್ಕಳ್ಳಾಕೆ ನೆಪ," ಅನ್ನುತ್ತಿದ್ದ. ಮೇಸ್ತ್ರಿ ಹನುಮಂತಪ್ಪನೂ ಅವಳನ್ನು ಕರೆಯುತ್ತಿದ್ದುದು ಮೈಗಳ್ಳಿ ಎಂದೇ. ಉಸಿರು ಕಟ್ಟುತ್ತದೆ ಎಂದು ಹೇಳುತ್ತಲೇ ಹುಚ್ಚಕ್ಕ ಐದು ವರ್ಷ ಗಾರೆ ಹೊತ್ತಳು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕುಸಿದಳು. ಅಂದು ಜ್ವರದವರನ್ನು ನೋಡಲು ಡಾಕ್ಟರು ಬಂದಿದ್ದರು. ಅವರು ಅವಳ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಚಿಕ್ಕವಳಿದ್ದಾಗ ಕೀಲು ಬಾತಿದ್ದವೇನಮ್ಮ?"

"ಹೂಂ ಸ್ವಾಮಿ. ಅದು ಅವಾಗ್ಲೇ ವಾಸಿ ಆತು."

"ಕೀಲು ವಾಸಿಯಾಯಿತು. ಹೃದಯ ಆಗಲಿಲ್ಲ. ಒಳಗಿನ ಕವಾಟ ಕೆಟ್ಟಿದೆ."

ಪಾಪಣ್ಣ ನಡುವೆ ಬಾಯಿ ಹಾಕಿದ. "ಮತ್ತೆ ನನ್ ಜ್ವರ, ಸ್ವಾಮಿ? ನಂಗೂ ಎದೆ ಕೆಟ್ಟೈತಾ?"

"ನಿನ್ನ ಜ್ವರಕ್ಕೆ ಹೊಟ್ಟೆಯೊಳಗಿನ ಗುಲ್ಮ ಊದಿದೆ, ರಕ್ತ ಬತ್ತಿದೆ. ಹೃದಯ ಗಟ್ಟಿಯಾಗಿದೆ. ಇವಳು ಮಾತ್ರ ಇನ್ನು ಭಾರ ಹೊರಬಾರದು, ಹೆರಲೂಬಾರದು."

ಐದು ವರ್ಷ ಅವಳ ಮಾತು ನಂಬದವರು ಡಾಕ್ಟರ ಮಾತನ್ನು ಒಂದೇ ಗಳಿಗೆಯಲ್ಲಿ ನಂಬಿದರು. ಮಾರನೆಯ ಬೆಳಿಗ್ಗೆ ಹನುಮಂತಪ್ಪ, "ಎದೆ ಕೆಟ್ಟೋಳು ಇಲ್ಲಿ ಸತ್ರೆ ನಂಗೆ ಕಷ್ಟ, ಹೋಗವ್ವ," ಎಂದು ಅವಳ ತಲೆಯ ಮೇಲಿನ ಗಾರೆ ಮಂಕರಿಯನ್ನು ಇಳಿಸಿಕೊಂಡ. ಪಾಪಣ್ಣ ತಿಂಗಳು ತುಂಬುವ ಮೊದಲೇ ಇನ್ನೊಬ್ಬಳನ್ನು ಗುಡಿಸಲಿಗೆ ತಂದ.

ಹುಚ್ಚಕ್ಕ ಹಿರಿಯೂರಿನ ಅಕ್ಕ ಹುಲಿಗೆಮ್ಮನ ಮನೆ ಸೇರಿ, ಕುಂತಲ್ಲೇ ಹುಣಸೆಹಣ್ಣು ಬಿಡಿಸಿ ಹೊಟ್ಟೆ ಹೊರೆದಳು. ಕಟ್ಟೆ ಮುಗಿದ ವರ್ಷ ಪಾಪಣ್ಣ ಅಲ್ಲಿಗೆ ಬಂದ.

"ನೀರು ಸಮುದ್ರದಂಗೆ ನಿಂತೈತೆ, ನೋಡಾಕೆ ಬಾ."

"ನೀನೇ ನೋಡ್ಕ. ಮೇಲ್ ಹತ್ತಾಕೆ ನಂಗೆ ಉಸಿರಿಲ್ಲ."

ಕೊನೆಯ ತಿಂಗಳು ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ಪ್ರಾಣ ಬಿಟ್ಟಳು. ಆಗ ಅವಳಿಗೆ ಇಪ್ಪತ್ತೇಳು ವರ್ಷ. ಮಣ್ಣಿಗೆ ಬಂದ ಪಾಪಣ್ಣ ನೆರೆದವರಿಗೆ, "ಕಣಿವೆ ಜ್ವರ ಕಣ್ರಿ, ಯಾರನ್ನೂ ಬಿಡಲಿಲ್ಲ," ಎಂದ.

"ಜ್ವರ ನಿಂದು ಕಣಲೇ," ಅಂದಳು ಹುಲಿಗೆಮ್ಮ. "ನೀನು ಬದುಕಿದ್ದೀಯ."