ಅತ್ತೆಯ ಮೂಗು

ನನ್ನ ಅತ್ತೆಯ ಮೂಗಿಗೆ ಎರಡೂ ಕಡೆ ಮೂಗುತಿ. ಎಡಕ್ಕೆ ಕೆಂಪು ಹರಳು, ಬಲಕ್ಕೆ ಬಿಳಿ. ಸಿಟ್ಟು ಬಂದರೆ ಮೊದಲು ಮೂಗು ಅರಳುತ್ತಿತ್ತು, ಬೈಗುಳ ಆಮೇಲೆ. ಸಂಡೂರಿನ ನಮ್ಮ ಮನೆಯಲ್ಲಿ ಆ ಮೂಗಿಗೆ ಗೊತ್ತಾಗದಂತೆ ಏನೂ ನಡೆಯುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತಲ್ಲಿಂದಲೇ "ಹಾಲು ತಳ ಹಿಡಿಯಾಕತ್ತೈತಿ ನೋಡ್" ಎನ್ನುವರು. ಓಡಿಹೋಗಿ ನೋಡಿದರೆ ನಿಜವಾಗಿಯೂ ಆಗಷ್ಟೇ ಹಿಡಿಯುತ್ತಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ಮಾತ್ರ ಎಂದೂ ಅವರದಲ್ಲ. ಅವರೇ ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೂ "ಈ ಉಪ್ಪ ಸರಿ ಇಲ್ಲ" ಎಂದು ಅಂಗಡಿಯವನನ್ನು ಬೈಯುವರು.

ನಾವು ಹಳೆಯ ಕಾರೊಂದನ್ನು ಕೊಂಡಾಗ ಅತ್ತೆ ಅದರ ಮುಂದಕ್ಕೆ ದೃಷ್ಟಿಗಂಟು ಕಟ್ಟಿದರು. ಕೆಂಪು ಬಟ್ಟೆಯಲ್ಲಿ ಪಟಿಕ, ಹರಳುಪ್ಪು, ಒಣಮೆಣಸಿನಕಾಯಿ. ಗಣಿಯಲ್ಲಿ ಕೆಲಸದಲ್ಲಿದ್ದ ನನ್ನ ಗಂಡನಿಗೆ ನಾಚಿಕೆ. "ಅದಿರಿನ ಲಾರಿ ಇದ್ದಂಗ ಕಾಣ್ತೈತಿ ಬೇ" ಎಂದು ಬಿಚ್ಚಿ ಬಿಸಾಕಿದರು. ಅತ್ತೆ ಅದನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ, ಅಮಾವಾಸ್ಯೆಯ ಮರುದಿನ, ಮಗಳಿಗೆ ದಮ್ಮು ಏರಿತು. ಆಗ ಅವಳಿಗೆ ನಾಲ್ಕು ವರ್ಷ. ಪಂಪಿನ ಔಷಧಿ ಕೊಟ್ಟರೂ ಇಳಿಯಲಿಲ್ಲ. ಊರಿನ ಡಾಕ್ಟರು "ತಡ ಮಾಡಬ್ಯಾಡ್ರಿ, ಹೊಸಪೇಟೆಗೆ ಒಯ್ರಿ" ಎಂದರು. ಗಂಡನ ಫೋನು ಹತ್ತಲಿಲ್ಲ, ಆಂಬುಲೆನ್ಸು ಬೇರೆಲ್ಲೋ ಹೋಗಿತ್ತು. ನಾನೇ ಸ್ಟೇರಿಂಗ್ ಹಿಡಿದೆ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ಮಗಳು. ಒಂದೊಂದು ಉಸಿರಿಗೂ ಕೂಸಿನ ಎದೆ ಸೀಟಿ ಹೊಡೆಯುತ್ತಿತ್ತು.

ಗುಡ್ಡದ ಏರಿನಲ್ಲಿ ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಲಾರಿಯದು ಎಂದುಕೊಂಡು ಅದನ್ನು ಹಿಂದೆ ಹಾಕಿದೆ. ವಾಸನೆ ನಮ್ಮ ಜೊತೆಗೇ ಬಂತು. ಹಾಗಾದರೆ ನಮ್ಮದೇ! ಹ್ಯಾಂಡ್ ಬ್ರೇಕು ನೋಡಿದೆ, ಇಳಿದೇ ಇತ್ತು. ಬಿಸಿ ತೋರಿಸುವ ಮುಳ್ಳು ನಟ್ಟನಡುವೆ ನಿಂತಿತ್ತು. ಕ್ಲಚ್ಚಿನದು ಎನ್ನೋಣವೆಂದರೆ ಏರು ಮುಗಿದ ಮೇಲೂ ಕಡಿಮೆಯಾಗಲಿಲ್ಲ. ಎಸಿ ಬಂದ್ ಮಾಡಿದೆ, ಸ್ವಲ್ಪ ತಗ್ಗಿತು. ಅಂದರೆ ಎಂಜಿನ್ನಿನ ಕಡೆಯಿಂದಲೇ ಬರುತ್ತಿದೆ. ವೈರು ಸುಡುತ್ತಿದ್ದರೆ? ಕಾರಿಗೇ ಬೆಂಕಿ ಹತ್ತಿದರೆ? ನಿಲ್ಲಿಸಿದರೆ ಕೂಸಿನ ಉಸಿರು ಹೋದೀತು, ಓಡಿಸಿದರೆ ಮೂವರೂ ಹೋದೇವು.

"ಅತ್ತಿ, ಏನ್ ವಾಸ್ನಿರಿ ಇದು?"

ಕನ್ನಡಿಯಲ್ಲಿ ನೋಡಿದೆ. ಅತ್ತೆ ಸೆರಗಿನಿಂದ ಕೂಸಿನ ಮೂಗು ಮುಚ್ಚಿಕೊಂಡು ಹೊರಗೆ ನೋಡುತ್ತಿದ್ದರು. ಗಾಜು ಇಳಿಸೋಣವೆಂದರೆ ಅದಿರಿನ ಕೆಂಪು ಧೂಳು. ಅಷ್ಟರಲ್ಲಿ ಒಳಗೆ ಘಾಟು ತುಂಬಿತು. ಮೆಣಸಿನಕಾಯಿ ಘಾಟು! ನನಗೆ ಸೀನು, ಮಗಳಿಗೆ ಕೆಮ್ಮು. ಕೆಮ್ಮಿ ಕೆಮ್ಮಿ ಕೊನೆಗೆ ಅವಳಿಗೆ ಕೆಮ್ಮುವುದಕ್ಕೂ ಉಸಿರು ಸಾಲಲಿಲ್ಲ.

"ನಿಂದರಸು!" ಅತ್ತೆ ಚೀರಿದರು. "ಗಾಡಿ ನಿಂದರಸಬೇ! ಅದು ವೈರಲ್ಲ, ನಾ ಕಟ್ಟಿದ ಗಂಟು. ಅಮಾಸಿ ದಿನ ನೀ ಮುಂದಿನ ಮುಚ್ಚಳ ತಗದು ನೀರ್ ಹಾಕಿ, ಫೋನ್ ಬಂತಂತ ಒಳಗ ಹೋದ್ಯಲ್ಲ, ಆವಾಗ ಎಂಜಿನ್ ಒಳಗ ಕಟ್ಟೀನಿ. ತಪ್ಪು ನಂದು. ಜಲ್ದಿ ನಿಂದರಸು!"

ಬೇವಿನ ಮರವೊಂದರ ಕೆಳಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮಗಳನ್ನು ಎತ್ತಿಕೊಂಡು ಹೊಗೆಯಿಂದ ದೂರ ಓಡಿದೆ. ಅತ್ತೆಯ ಕೈಗೆ ಕೂಸನ್ನು ಕೊಟ್ಟು ಬಂದು ಬಾನೆಟ್ ಎತ್ತಿದೆ. ದಾರ ಸಡಿಲಾಗಿ ಗಂಟು ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಕಣ್ಣು ಬಿಡಲಾಗದೆ ಕೋಲಿಗಾಗಿ ತಡಕಾಡಿದೆ. ಅತ್ತೆ ಬಂದು ಕೂಸನ್ನು ನನ್ನ ತೋಳಿಗೆ ತಳ್ಳಿದವರೇ ಬರಿಗೈಯಲ್ಲಿ ಗಂಟನ್ನು ಕಿತ್ತು ರಸ್ತೆಗೆ ಎಸೆದರು. ಆಮೇಲೆ ನನ್ನ ಮುಖ ನೋಡದೆ ಕೂಸನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂತರು. "ನಡಿ, ನಡಿ" ಎಂದರು.

ಹೊಸಪೇಟೆ ಮುಟ್ಟಿದೆವು. ಆಕ್ಸಿಜನ್ ಹಾಕಿದರು. ಸಂಜೆಯ ಹೊತ್ತಿಗೆ ಮಗಳು ಬಿಸ್ಕತ್ತು ಕೇಳಿದಳು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಗಂಡ ಓಡಿ ಬಂದು, ಅವ್ವನ ಅಂಗೈಗೆ ಕಟ್ಟಿದ ಬ್ಯಾಂಡೇಜು ನೋಡಿ, ಏನಾಯಿತೆಂದು ಕೇಳಿದರು.

"ಗ್ಯಾರೇಜಿನವ್ರು ಒಳಗ ಯಾವ್ದೋ ಬಟ್ಟಿ ಬಿಟ್ಟಿದ್ರು" ಎಂದೆ ನಾನು. ಯಾಕೆ ಹಾಗೆ ಹೇಳಿದೆನೋ, ಬಾಯಿಗೆ ಬಂತು.

"ಸುಳ್ಳ್ ಹೇಳಬ್ಯಾಡ" ಎಂದರು ಅತ್ತೆ. "ನಾನ ಕಟ್ಟಿದ್ದೆ." ಅಷ್ಟೇ ಹೇಳಿ ಮುಖ ತಿರುಗಿಸಿಕೊಂಡರು.

ಹೋದ ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನು ಅವರ ಕೈಕಾಲು ಒರೆಸುತ್ತಿದ್ದೆ. ಇದ್ದಕ್ಕಿದ್ದಂತೆ ಮಾತು ತೆಗೆದರು.

"ಲೇ, ಅವತ್ತು ಕಾರಾಗ ಮೊದಲ ವಾಸ್ನಿ ಬಂದಾಗನ ನಂಗ ಗೊತ್ತಾಗಿತ್ತು. ಬಟ್ಟಿ ಸುಟ್ಟದ್ದು ನಂಗ ತಿಳಿಯೂದಿಲ್ಲೇನ್?"

ನನ್ನ ಕೈ ನಿಂತಿತು. "ಮತ್ತ್ಯಾಕ ಸುಮ್ನಿದ್ರಿ ಅತ್ತಿ? ಕೂಸು ಹಂಗ ಒದ್ದಾಡತಿತ್ತಲ್ರಿ."

"ನಿನಗ ಅಂಜಿದ್ದೆ."

ನನಗೆ! ಈ ಮನೆಯಲ್ಲಿ ಅಂಜುವವಳು ನಾನೊಬ್ಬಳೇ ಎಂದು ತಿಳಿದಿದ್ದೆನಲ್ಲ! ನಗು ಬಂತು, ಅದರ ಬೆನ್ನಿಗೇ ಅಳು. "ನಾನೂ ನಿಮಗ ಭಾಳ ಅಂಜತಿದ್ದೆ ಅತ್ತಿ" ಎಂದೆ.

"ಗೊತ್ತೈತಿ ಬಿಡು" ಎಂದರು. "ಕೈ ಒರಸು."

ಆ ವಾರವೇ ಹೋದರು. ನನಗೆ ಅಂಜಿದ್ದ ಆ ಹೆಂಗಸು ಅಂಜಿಕೆ ಬಿಟ್ಟು ಬಾಯಿ ತೆರೆದದ್ದಕ್ಕೆ ನನ್ನ ಮಗಳು ಉಳಿದಳು. ಕೊನೆಯಲ್ಲಿ ಅವರ ಬಾಯಿಗೆ ನೀರು ಬಿಟ್ಟವಳು ಅವಳೇ.