ಚಕ್ಕೋತದ ಪಕ್ಕದ ಕಕ್ಕಸು

ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನಿಂತುಹೋಯಿತು. ಮೊದಲು ನೀರಿನ ಬದಲು ಕೆಸರು ಬಂತು, ಆಮೇಲೆ ಗಾಳಿ, ಕೊನೆಗೆ ಬರೀ ಮೋಟರಿನ ಸದ್ದು. ಕಾವೇರಿ ನೀರು ಬರುವ ದಿನವೂ ತೊಟ್ಟಿ ಅರ್ಧ ತುಂಬುವಷ್ಟರಲ್ಲಿ ನಿಲ್ಲುತ್ತಿತ್ತು. ಟ್ಯಾಂಕರಿನವನಿಗೆ ಫೋನ್ ಮಾಡಿದರೆ "ನಾಳೆ ಬಂದ್ಬಿಡ್ತೀನಿ ಮೇಡಂ" ಅನ್ನುತ್ತಿದ್ದ. ಯಾವ ನಾಳೆ ಎಂದು ಕೇಳಿ ಅವನಿಗೆ ಸಿಟ್ಟು ಬರಿಸುವ ಧೈರ್ಯ ಇಡೀ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಬಸವನಗುಡಿಯ ಆ ಮನೆಯಲ್ಲಿ ನಾವು ಮೂವರು: ನಾನು, ಯಜಮಾನರು, ಅತ್ತೆ. ಯಜಮಾನರದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಮಾವನವರ ಕಾಲದಿಂದ ಬಂದದ್ದು. ನನ್ನದು ಮನೆಯಲ್ಲೇ ಕುರುಕು ತಿಂಡಿ ಮಾಡಿಕೊಡುವ ಕೆಲಸ. ಚಕ್ಲಿ, ಕೋಡುಬಳೆ, ನಿಪ್ಪಟ್ಟು. ಮದುವೆ ಸೀಸನ್ನಿನಲ್ಲಿ ರವೆ ಉಂಡೆ. ತಿಂಡಿ ಕೆಲಸವೆಂದರೆ ಎಣ್ಣೆ ಹಿಡಿದ ಪಾತ್ರೆಗಳ ಬೆಟ್ಟ. ಅದನ್ನು ತೊಳೆಯಲು ನೀರಿಲ್ಲದೆ ನಾನು ಒದ್ದಾಡುತ್ತಿದ್ದರೆ, ಕಕ್ಕಸಿಗೆ ಮಾತ್ರ ದಿನವೂ ಬಕೆಟ್ಟುಗಟ್ಟಲೆ ಒಳ್ಳೆಯ ನೀರು ಸುರಿಯುತ್ತಿದ್ದೆವು. ಅದು ನನ್ನ ಹೊಟ್ಟೆ ಉರಿಸುತ್ತಿತ್ತು.

ಹೀಗಿರುವಾಗ ಕನಕಪುರ ರಸ್ತೆಯಾಚೆ ಒಂದು ತೋಟದ ಮನೆಗೆ ನಿಪ್ಪಟ್ಟು ಕೊಡಲು ಹೋದೆ. ಆ ತೋಟದ ಒಡತಿ ನನ್ನ ವಯಸ್ಸಿನವರೇ. ಮಾತಾಡುತ್ತಾ ಮಾತಾಡುತ್ತಾ ಒಂದು ಬುಟ್ಟಿಯಿಂದ ಕಪ್ಪು ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿ, "ಮೂಸಿ ನೋಡಿ" ಎಂದರು. ಮೂಸಿದೆ. ಮೊದಲ ಮಳೆ ಬಿದ್ದ ನೆಲದ ವಾಸನೆ. "ಚೆನ್ನಾಗಿದೆ, ಎಲ್ಲಿ ಸಿಗತ್ತೆ?" ಎಂದೆ.

"ನಮ್ಮನೆ ಕಕ್ಕಸಲ್ಲಿ" ಎಂದರು.

ನಾನು ಕೈ ಕೊಡವಿದ ರಭಸಕ್ಕೆ ಬಳೆ ಜಾರಿ ಬಿತ್ತು. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ನೆಲದಿಂದ ಎತ್ತರಕ್ಕೆ ಕಟ್ಟಿದ ಪುಟ್ಟ ಕೋಣೆ, ಅದರ ಕೆಳಗೆ ಅಕ್ಕಪಕ್ಕ ಎರಡು ಗೂಡು. ಮಲ ಒಂದು ಗೂಡಿಗೆ ಬೀಳುತ್ತದೆ, ಮೂತ್ರ ಬೇರೆ ಪೈಪಿನಲ್ಲಿ ಹೋಗಿ ಕ್ಯಾನಿನಲ್ಲಿ ನಿಲ್ಲುತ್ತದೆ, ತೊಳೆದುಕೊಂಡ ನೀರು ಬಾಳೆಗಿಡದ ಪಾತಿಗೆ. ಪ್ರತಿ ಸಲವೂ ಮೇಲೆ ಎರಡು ಹಿಡಿ ಮರದ ಹೊಟ್ಟೋ ಬೂದಿಯೋ ಹಾಕಬೇಕು. ಒಂದು ಗೂಡು ತುಂಬಿದ ಮೇಲೆ ಮುಚ್ಚಿ ವರ್ಷಕ್ಕೂ ಹೆಚ್ಚು ಹಾಗೇ ಬಿಟ್ಟರೆ ಮಣ್ಣಾಗುತ್ತದೆ; ಅಷ್ಟು ದಿನ ಇನ್ನೊಂದನ್ನು ಬಳಸುವುದು. "ಸೊಪ್ಪು ತರಕಾರಿಗೆ ಹಾಕಲ್ಲ, ಮರಗಳಿಗೆ ಮಾತ್ರ" ಎಂದರು. ಅಲ್ಲಿ ನಿಂತು ಎಷ್ಟು ಮೂಗು ಅರಳಿಸಿದರೂ ನನಗೆ ಬಡಗಿಯ ಅಂಗಡಿಯ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ವಾಪಸು ಬರುವಾಗ ಆಟೋದಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ನಮ್ಮ ಹಿತ್ತಲಲ್ಲಿ ಜಾಗವಿತ್ತು. ಅಲ್ಲೊಂದು ಚಕ್ಕೋತದ ಮರವೂ ಇತ್ತು. ಹೂ ಬಿಡುವುದು, ನಿಂಬೆ ಗಾತ್ರದ ಕಾಯಿ ಕಟ್ಟಿ ಉದುರಿಸುವುದು, ಇಷ್ಟೇ ಅದರ ಕೆಲಸ.

ಮಧ್ಯಾಹ್ನ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಯಜಮಾನರು ತುತ್ತು ಕೆಳಗಿಟ್ಟು, "ಊಟದ ಹೊತ್ತಲ್ಲಿ ಇದೇನೇ ನಿಂದು" ಎಂದು ಗೊಣಗಿದರು. ನಾನು ಹೆದರಿದ್ದು ಅವರಿಗಲ್ಲ, ಅತ್ತೆಗೆ. ಅತ್ತೆ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಊಟ ಮುಗಿಸಿ, ಕೈ ತೊಳೆದು, ಹಿತ್ತಲ ಬಾಗಿಲ ಹತ್ತಿರ ಹೋಗಿ ಕೂತರು. ಅಲ್ಲಿಂದಲೇ ನನ್ನನ್ನು ಕರೆದರು.

"ಈ ಗೋಡೆ ಆಚೆ ಗಲ್ಲಿ ಯಾಕಿದೆ ಗೊತ್ತೇನವ್ವ?"

ನಮ್ಮ ಹಿತ್ತಲ ಹಿಂದೆ ಒಂದು ಕಿರಿದಾದ ಗಲ್ಲಿ ಇದೆ. ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಇರುವಂಥದ್ದು. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ.

"ನಾನು ಮದುವೆಯಾಗಿ ಬಂದಾಗ ಆ ಗಲ್ಲೀಲಿ ಒಬ್ಬಾಕೆ ಬರೋಳು. ಗೋಡೇಲಿ ಒಂದು ಸಣ್ಣ ಬಾಗಿಲಿತ್ತು. ಅಲ್ಲಿಂದ ಕಕ್ಕಸಿನ ಬಕೀಟು ಎಳ್ಕೊಂಡು ಡಬ್ಬಕ್ಕೆ ಸುರ್ಕೊಂಡು ತಲೆ ಮೇಲೆ ಹೊತ್ಕೊಂಡು ಹೋಗೋಳು. ಮಳೆಗಾಲದಲ್ಲಿ ಅದು ಸೋರೋದು. ಅವಳು ಬರೋ ಹೊತ್ಗೆ ಹಿತ್ತಲ ಬಾಗಿಲು ಹಾಕ್ಬಿಡು ಅಂತ ನಮ್ಮತ್ತೆ ಹೇಳ್ಕೊಟ್ಟಿದ್ರು. ಹಾಕ್ತಿದ್ದೆ. ಅಷ್ಟು ವರ್ಷ ಬಂದ್ಳು, ಅವಳ ಮುಖ ಹೆಂಗಿತ್ತು ಅಂತ್ಲೇ ನಂಗೆ ಗೊತ್ತಿಲ್ಲ ಕಣವ್ವ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಒಳಚರಂಡಿ ಬಂದು ಆ ಕಕ್ಕಸು ಒಡೆಸಿದ ದಿನ ನಾನು ಪಾಯಸ ಮಾಡಿದ್ದೆ. ಈಗ ನೀನು ಅದನ್ನೇ ಮತ್ತೆ ಕಟ್ಟಿಸ್ತೀಯಾ?"

ನೀರಿನ ಲೆಕ್ಕ, ಮರದ ಗೊಬ್ಬರ ಇವೆಲ್ಲ ಆ ಹೊತ್ತಿಗೆ ಬಹಳ ಸಣ್ಣದಾಗಿ ಕಂಡವು. ಎರಡು ದಿನ ಆ ಮಾತು ಎತ್ತಲಿಲ್ಲ. ಆದರೆ ತಲೆಯಲ್ಲಿ ಅದೇ ಓಡುತ್ತಿತ್ತು. ಆ ಹೆಂಗಸು ಮಾಡುತ್ತಿದ್ದ ಕೆಲಸ ಕೊಳಕಾದದ್ದು ನಮ್ಮದನ್ನು ನಾವು ಮುಟ್ಟದೆ ಅವಳ ತಲೆಗೆ ಹೊರಿಸಿದ್ದರಿಂದ ಅಲ್ಲವೇ? ಈಗಲೂ ಚರಂಡಿ ಕಟ್ಟಿಕೊಂಡರೆ ಯಾರನ್ನು ಕರೆಯುತ್ತೇವೆ?

ಮೂರನೆಯ ದಿನ ಅತ್ತೆಯ ಮುಂದೆ ಕೂತು ಹೇಳಿದೆ. "ಅತ್ತೆ, ಇದನ್ನ ಬೇರೆ ಯಾರೂ ತೆಗೆಯಲ್ಲ. ನಾನೇ ತೆಗೀತೀನಿ. ಕೂಲಿಗೂ ಯಾರನ್ನೂ ಕರೆಯಲ್ಲ. ಅದೂ ಮಣ್ಣಾದ್ಮೇಲೆ."

"ನಿಂಗೆ ಸೊಂಟ ನೋವು."

"ಇವರಿದ್ದಾರಲ್ಲ."

ಪೇಪರ್ ಓದುತ್ತಿದ್ದ ಯಜಮಾನರು ತಲೆ ಎತ್ತಲಿಲ್ಲ. ಅತ್ತೆ ಅವರನ್ನೇ ನೋಡುತ್ತಾ ಕೂತರು. ಕೊನೆಗೆ ಪೇಪರಿನ ಹಿಂದಿನಿಂದ "ಹೂಂ, ಇದೀನಿ" ಎಂಬ ಧ್ವನಿ ಬಂತು. ಅತ್ತೆ ಎದ್ದು ಹೋದರು. ಬೇಡ ಎನ್ನಲಿಲ್ಲ, ಅದೇ ಒಪ್ಪಿಗೆ.

ತೋಟದ ಒಡತಿ ಬಂದು ಗಾರೆಯವನಿಗೆ ಎಲ್ಲ ವಿವರಿಸಿದರು. ಚಕ್ಕೋತದ ಪಕ್ಕಕ್ಕೆ ಅದು ಮೇಲೇಳತೊಡಗಿದಾಗ, ಎತ್ತರದ ಕಟ್ಟೆ, ಮೆಟ್ಟಿಲು, ಪುಟ್ಟ ಕೋಣೆ ಎಲ್ಲ ನೋಡಿ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಯಾವ ದೇವ್ರಮ್ಮಾ?" ಎಂದು ಭಕ್ತಿಯಿಂದ ಕೇಳಿದರು. ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವರು ಅಲ್ಲಿಗೆ ಹೋಗುವಾಗಲೆಲ್ಲ "ದರ್ಶನಕ್ಕೆ ಹೋಗ್ಬರ್ತೀನಿ" ಎನ್ನುತ್ತಿದ್ದರು. ಚಾಮರಾಜಪೇಟೆ ಕಡೆಯ ಮರದ ಮಂಡಿಯಿಂದ ಮೂಟೆಗಳಲ್ಲಿ ಹೊಟ್ಟು ತಂದದ್ದೂ ಅವರೇ.

ಅತ್ತೆ ಮಾತ್ರ ಅತ್ತ ಸುಳಿಯಲಿಲ್ಲ. ಒಳಗಿನ ಹಳೆಯ ಕಕ್ಕಸಿಗೇ ತಮ್ಮ ಪಾಲಿನ ನೀರಿನ ಬಕೆಟ್ಟು ಹಿಡಿದು ಹೋಗುತ್ತಿದ್ದರು. ನಾನೂ ಕರೆಯಲಿಲ್ಲ. ಒಂದು ಮಧ್ಯಾಹ್ನ ನೋಡುತ್ತೇನೆ, ಹೊಸ ಕಕ್ಕಸಿನ ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಧಾನವಾಗಿ ಇಳಿಯುತ್ತಿದ್ದಾರೆ.

"ಹೆಂಗೈತೆ ನೋಡಾಣ ಅಂತ ಹೋಗಿದ್ದೆ" ಎಂದರು.

ಮಾರನೆಯ ದಿನವೂ ಹೆಂಗೈತೆ ಎಂದು ನೋಡಲು ಹೋದರು. ಅದರ ಮಾರನೆಯ ದಿನವೂ. ವಾರ ಕಳೆಯುವಷ್ಟರಲ್ಲಿ ಹೊಟ್ಟಿನ ಡಬ್ಬ ಖಾಲಿಯಾದರೆ ಮೊದಲು ಕೂಗು ಹಾಕುತ್ತಿದ್ದದ್ದು ಅವರೇ.

ನನಗೆ ಒಳಗೊಳಗೇ ಅಳುಕಿದ್ದದ್ದು ಗಿರಾಕಿಗಳದ್ದು. ಚಕ್ಲಿ ಮಾಡುವ ಮನೆಯ ಹಿತ್ತಲಲ್ಲಿ ಇಂಥದ್ದಿದೆ ಎಂದು ಗೊತ್ತಾದರೆ ಏನೆಂದುಕೊಂಡಾರು? ಅದರಲ್ಲೂ ಮಲ್ಲೇಶ್ವರದ ಒಬ್ಬ ಅಮ್ಮನವರು. ಅವರ ಮನೆಯ ಮದುವೆ, ಸೀಮಂತ ಎಲ್ಲಕ್ಕೂ ನನ್ನದೇ ತಿಂಡಿ. ಪ್ರತಿ ಸಲ ಬಂದು ಎಣ್ಣೆ ನೋಡಿ, ಹಿಟ್ಟು ಮುಟ್ಟಿ, ನನ್ನ ಉಗುರು ನೋಡಿಯೇ ಆರ್ಡರ್ ಕೊಡುವವರು. ಮೊಮ್ಮಗಳ ಮದುವೆಯ ಆರ್ಡರಿಗಾಗಿ ಅವರು ಬಂದ ದಿನವೇ ಟ್ಯಾಂಕರಿನವನು ಕೈಕೊಟ್ಟಿದ್ದ. ಇದ್ದ ನೀರೆಲ್ಲ ಅಡುಗೆಗೆ ಎತ್ತಿಟ್ಟಿದ್ದೆ.

ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡವರು ಇದ್ದಕ್ಕಿದ್ದ ಹಾಗೆ ನನ್ನ ಕಿವಿಯ ಹತ್ತಿರ ಬಂದರು. "ನಂಗೆ ಶುಗರ್ ಇದೆ ಕಣ್ರೀ. ತುಂಬಾ ಹೊತ್ತು ತಡೆಯಕ್ಕಾಗಲ್ಲ. ಬಾತ್‌ರೂಮ್ ಎಲ್ಲಿ?"

"ಅದು, ಒಳಗಡೆ ನೀರು..." ಎಂದು ತೊದಲುತ್ತಿದ್ದೆ. ಅಷ್ಟರಲ್ಲಿ ಅತ್ತೆ ಎದ್ದು ಬಂದರು.

"ಬನ್ನಿ ತಾಯಿ, ನಾನು ತೋರಿಸ್ತೀನಿ."

ಅವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ನಾನು ಅಡುಗೆಮನೆಯ ಕಿಟಕಿಗೆ ಅಂಟಿಕೊಂಡೆ. ಅತ್ತೆಯ ಧ್ವನಿ ಜೋರು, ಎಲ್ಲ ಕೇಳುತ್ತಿತ್ತು.

"ಕಂಬಿ ಹಿಡ್ಕೊಂಡು ಹತ್ತಿ. ಕುರ್ಚಿ ಥರ ಕೂತ್ಕೊಳ್ಳೋದೂ ಇದೆ, ಮಂಡಿ ನೋವಿದ್ರೆ ಅಲ್ಲಿ ಕೂತ್ಕೊಳ್ಳಿ. ನೀರು ಮಾತ್ರ ಅದರೊಳಗೆ ಹಾಕ್ಬೇಡಿ. ತೊಳ್ಕೊಳ್ಳೋಕೆ ಪಕ್ಕದಲ್ಲಿ ಜಾಗ ಇದೆ, ಚೊಂಬಿದೆ."

"ನೀರು ಹಾಕ್ದೆ ಹೆಂಗ್ರೀ?" ಒಳಗಿನಿಂದ ಗಾಬರಿಯ ಧ್ವನಿ.

"ಈಗ ಹೊಸದಾಗಿ ಬಂದಿರೋದು ಇದೇ ತಾಯಿ. ತೋಟದ ಬಂಗ್ಲೆಗಳಲ್ಲೆಲ್ಲ ಇದೇ" ಎಂದರು ಅತ್ತೆ, ತಾವೇ ಕಂಡುಹಿಡಿದವರ ಹಾಗೆ.

ಹೊರಗೆ ಬಂದ ಅಮ್ಮನವರು ತಕ್ಷಣ ಹಿಂತಿರುಗಲಿಲ್ಲ. ಕಟ್ಟೆಯನ್ನೊಂದು ಸುತ್ತು ಹಾಕಿದರು. ಗಾಳಿ ಹೋಗುವ ಪೈಪನ್ನು ತಲೆಯೆತ್ತಿ ನೋಡಿದರು. ನನ್ನ ಎಣ್ಣೆ ಬಾಣಲೆಯನ್ನು ಮೂಸುತ್ತಿದ್ದ ಹಾಗೆಯೇ ಬಗ್ಗಿ ಮೂಸಿದರು. ಒಳಗೆ ಬಂದು ಕೂತು, ನೀರು ಕುಡಿದು, ನನ್ನ ಮುಖ ನೋಡಿದರು. ಆರ್ಡರ್ ಹೋಯಿತು ಎಂದುಕೊಂಡೆ.

"ನಮ್ಮನೆ ಕಕ್ಕಸಿಗಿಂತ ವಾಸನೆ ಕಮ್ಮಿ ಕಣ್ರೀ" ಎಂದರು. "ಇದನ್ನ ನನ್ನ ಹತ್ರ ಯಾಕೆ ಮುಚ್ಚಿಟ್ರಿ? ನಮ್ಮ ಹಿಂದ್ಗಡೆ ಅಷ್ಟೊಂದು ಜಾಗ ಬಿದ್ದಿದೆ." ಆಮೇಲೆ ಏನೂ ಆಗದವರಂತೆ, "ಚಕ್ಲಿಗೆ ಎಳ್ಳು ಜಾಸ್ತಿ ಇರ್ಲಿ" ಎಂದರು.

ಮೊದಲ ಗೂಡು ಮುಚ್ಚಿ ವರ್ಷ ದಾಟಿ, ಇನ್ನೊಂದು ಮಳೆಗಾಲವೂ ಕಳೆದ ಮೇಲೆ, ಅದನ್ನು ತೆರೆಯುವ ದಿನ ಬಂತು. ಭಾನುವಾರ ಬೆಳಗ್ಗೆ ಯಜಮಾನರು ಸಿದ್ಧರಾಗಿ ಬಂದದ್ದು ನೋಡಿ ನಾನು ಹಿಡಿದುಕೊಂಡಿದ್ದ ಸಲಿಕೆ ಕೆಳಗಿಟ್ಟೆ. ರೇನ್‌ಕೋಟು, ಗಮ್‌ಬೂಟು, ಎರಡು ಮಾಸ್ಕು, ಸಾಲದ್ದಕ್ಕೆ ಮೂಗಿನ ಕೆಳಗೆ ಬಿಳಿಯ ಮುಲಾಮು. "ಚಂದ್ರನ ಮೇಲೆ ಇಳೀತಿದೀರಾ?" ಎಂದೆ. ಉತ್ತರ ಕೊಟ್ಟರೂ ಮಾಸ್ಕಿನೊಳಗೆ ಕೇಳಿಸಲಿಲ್ಲ. ನಾನೂ ಗ್ಲೌಸು ಹಾಕಿಕೊಂಡೆ. ಅತ್ತೆ ಕುರ್ಚಿ ಹಾಕಿಸಿಕೊಂಡು ಮರದ ಕೆಳಗೆ ಕೂತರು.

ಹಿಂದಿನ ಮುಚ್ಚಳದ ಇಟ್ಟಿಗೆ ಬಿಡಿಸಿದೆವು. ಸಲಿಕೆ ಒಳಗೆ ಹೋಯಿತು. ಬಂದದ್ದು ಮಣ್ಣು. ಕಪ್ಪಗೆ, ಪುಡಿಪುಡಿಯಾಗಿ, ಹಗುರವಾಗಿ. ಅಲ್ಲೊಂದು ಇಲ್ಲೊಂದು ಹೊಟ್ಟಿನ ಚೂರು, ಅಷ್ಟೇ. ಯಜಮಾನರು ಮೊದಲು ಒಂದು ಮಾಸ್ಕು ಇಳಿಸಿದರು, ಆಮೇಲೆ ಇನ್ನೊಂದು. ಬುಟ್ಟಿಗೆ ತುಂಬಿ ಚಕ್ಕೋತದ ಸುತ್ತ ತೋಡಿದ ಪಾತಿಗೆ ಹಾಕಲು ಹೊರಟಾಗ ಅತ್ತೆ ಕುರ್ಚಿಯಿಂದ ಎದ್ದರು.

"ಆ ಬುಟ್ಟಿ ಇಲ್ಲಿ ಕೊಡೋ."

"ನಿಂಗ್ಯಾಕಮ್ಮ, ಭಾರ ಇದೆ."

"ಕೊಡು ಅಂದ್ನಲ್ಲ."

ಅವರು ಅದನ್ನು ಸೊಂಟಕ್ಕೆ ಇಟ್ಟುಕೊಂಡು ತಾವೇ ನಾಲ್ಕು ಹೆಜ್ಜೆ ನಡೆದು ಮರದ ಬುಡಕ್ಕೆ ಸುರಿದರು. ಕಣ್ಣಲ್ಲಿ ನೀರಿತ್ತು. ಯಾರನ್ನು ನೆನೆಸಿಕೊಂಡರೋ ನಾವು ಕೇಳಲಿಲ್ಲ. ಮೇಲೆ ಒಣ ಎಲೆ ಮುಚ್ಚಿ, ಮೂವರೂ ಕೈಕಾಲು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದುಕೊಂಡೆವು. ಅವತ್ತು ಮಧ್ಯಾಹ್ನ ಅತ್ತೆ ಹೇಳಿ ಒಬ್ಬಟ್ಟು ಮಾಡಿಸಿದರು.

ಮರ ತಕ್ಷಣ ಏನೂ ತೋರಿಸಲಿಲ್ಲ. ಆಮೇಲೆ ಎಲೆಗಳ ಹಸಿರು ಗಾಢವಾಯಿತು. ಮುಂದಿನ ಹೂವಿನಲ್ಲಿ ಕಟ್ಟಿದ ಕಾಯಿಗಳು ಉದುರದೆ ನಿಂತವು. ನಿಂಬೆಯಾದವು, ತೆಂಗಿನಕಾಯಿಯಾದವು, ಕೊನೆಗೆ ಕೊಂಬೆಗೆ ಊರುಗೋಲು ಕೊಡಬೇಕಾಯಿತು. ಮೊದಲ ಹಣ್ಣನ್ನು ಸಿಪ್ಪೆ ಬಿಡಿಸಿ, ಗುಲಾಬಿ ಬಣ್ಣದ ತೊಳೆಗಳನ್ನು ತಟ್ಟೆಯಲ್ಲಿಟ್ಟು, ಉಪ್ಪು ಖಾರದಪುಡಿ ಉದುರಿಸಿದೆ. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಷ್ಟು ದಿನ ಇಷ್ಟೆಲ್ಲ ಮಾತಾಡಿದ ನನಗೂ ಕೈ ಮುಂದೆ ಹೋಗಲು ಒಂದು ಗಳಿಗೆ ಬೇಕಾಯಿತು. ಅತ್ತೆ ಒಂದು ತೊಳೆ ಎತ್ತಿ ಬಾಯಿಗೆ ಹಾಕಿಕೊಂಡರು.

"ಒಂಚೂರು ಹುಳಿ. ಇನ್ನೊಂದು ವಾರ ಬಿಡ್ಬೇಕಿತ್ತು" ಎಂದರು. ಹೇಳುತ್ತಲೇ ಇನ್ನೊಂದು ತೊಳೆಗೆ ಕೈ ಹಾಕಿದರು.

ಆ ವರ್ಷ ಬೀದಿಯಲ್ಲೆಲ್ಲ ಚಕ್ಕೋತ ಹಂಚಿದೆವು. ಯಾವ ಗೊಬ್ಬರ ಎಂದು ಕೇಳಿದವರಿಗೆ ಮುಚ್ಚಿಡದೆ ಹೇಳಿದೆ. ಒಬ್ಬರು ಹಣ್ಣನ್ನು ಅಲ್ಲೇ ಗೇಟಿನ ಮೇಲಿಟ್ಟು ಹೋದರು. ಉಳಿದವರು ತಿಂದರು.

ಹೋದ ತಿಂಗಳು ಮಲ್ಲೇಶ್ವರದ ಅಮ್ಮನವರ ಫೋನ್ ಬಂತು. ಅವರ ಹಿತ್ತಲಲ್ಲೂ ಕಟ್ಟಿಸಿಯಾಗಿತ್ತು. "ನಿಮ್ಮತ್ತೆ ಬಂದು ನೋಡಿ ಹೂಂ ಅಂದ್ಮೇಲೇ ಶುರು ಮಾಡೋದು" ಎಂದರು. ಅತ್ತೆ ಅದುವರೆಗೂ ಮೆಟ್ರೋ ಹತ್ತಿರಲಿಲ್ಲ. ರೇಷ್ಮೆ ಅಂಚಿನ ಸೀರೆ ಉಟ್ಟು, ನನ್ನ ತೋಳು ಹಿಡಿದು ಎಸ್ಕಲೇಟರಿಗೆ ಹೆದರಿ ಲಿಫ್ಟಿನಲ್ಲಿ ಹತ್ತಿ, ಸಂಪಿಗೆ ರಸ್ತೆ ನಿಲ್ದಾಣದವರೆಗೂ ಕಿಟಕಿಗೆ ಮುಖ ಹಚ್ಚಿಕೊಂಡು ಬಂದರು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, "ಅಜ್ಜಿ, ಮದುವೆಗಾ?" ಎಂದು ಕೇಳಿದಳು.

"ಇಲ್ಲ ಮಗ, ಕಕ್ಕಸು ನೋಡಕ್ಕೆ" ಎಂದರು ಅತ್ತೆ.

ಆ ಹುಡುಗಿ ಇಳಿಯುವವರೆಗೂ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಅಮ್ಮನವರ ಹಿತ್ತಲಲ್ಲಿ ಅತ್ತೆ ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದರು, ಹೊಟ್ಟಿನ ಡಬ್ಬದ ಮುಚ್ಚಳ ತೆಗೆದು ನೋಡಿದರು, ಹೊರಬಂದರು. ಅಮ್ಮನವರು ಕೈಕಟ್ಟಿಕೊಂಡು ನಿಂತಿದ್ದರು.

"ಎಲ್ಲ ಸರಿಯಾಗಿದೆ ತಾಯಿ. ಮೆಟ್ಲಿಗೆ ಕಂಬಿ ಒಂದು ಹಾಕಿಸ್ಬಿಡಿ" ಎಂದ ಅತ್ತೆ ನನ್ನ ಕಡೆ ತಿರುಗಿ, ಇಷ್ಟು ದೂರ ಬಂದಿದ್ದೇವೆ, ಮಸಾಲೆ ದೋಸೆ ತಿಂದೇ ಹೋಗೋಣ ಎಂದರು.