ಹೊಳೆಯ ಮೇಲಿನ ಪುರಿ

ನಾನು ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ನನ್ನ ಪಾಠ ಕೇಳಿ ನಿದ್ದೆಗೆ ಹೋದವರು ಬಹಳ ಜನ. ಹೊಳೆಗೆ ಹೋದವನು ಒಬ್ಬನೇ, ನನ್ನ ಹೆಂಡತಿಯ ತಮ್ಮ ನಾಗರಾಜ.

ರಾಮನಾಥಪುರಕ್ಕೆ ಹೋದವರು ಮೆಟ್ಟಿಲ ಮೇಲೆ ಕೂತು ಕಾವೇರಿಯ ಮೀನುಗಳಿಗೆ ಕಡ್ಲೆಪುರಿ ಎರಚದೆ ಬರುವುದಿಲ್ಲ. ನಾನೂ ನಾಗರಾಜನೂ ಎರಚಿದೆವು. ಪುರಿ ನೀರಿನ ಮೇಲೆ ಸಣ್ಣ ಸಣ್ಣ ಸುಳಿಗಳಾಗಿ ತಿರುಗಿತು. ಆ ಸುಳಿಗಳು ಒಂದನ್ನೊಂದು ಕೂಡಿಕೊಂಡು ದೊಡ್ಡದೊಂದು ಸುಳಿಯಾದವು. ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. ಎರಡು ಆಯಾಮದ ಪ್ರಕ್ಷುಬ್ಧತೆ, ಅಂದರೆ ನೀರಿನ ಕದಡಾಟ, ಹೀಗೇ ಎಂದೆ. ಸೋಪಿನ ಪೊರೆಯಂಥ ತೆಳು ಹಾಳೆಯಲ್ಲಿ ಸಣ್ಣ ಸುಳಿಗಳು ಸೇರಿ ದೊಡ್ಡದಾಗುತ್ತವೆ, ದೊಡ್ಡದು ಬಹಳ ಹೊತ್ತು ಬಾಳುತ್ತದೆ. ಆಳವಿದ್ದ ಕಡೆ, ಮೂರು ಆಯಾಮದಲ್ಲಿ, ಎಲ್ಲ ಉಲ್ಟಾ: ದೊಡ್ಡ ಸುಳಿ ಎಳೆದಾಡಿಸಿಕೊಂಡು ಮರಿಗಳಾಗಿ ಒಡೆಯುತ್ತದೆ, ಮರಿಗಳು ಮತ್ತೆ ಒಡೆಯುತ್ತವೆ, ಕೊನೆಗೆ ನೀರಿನ ಸ್ನಿಗ್ಧತೆಯಲ್ಲಿ, ಅಂದರೆ ಅದರ ಜಿಗುಟಿನಲ್ಲಿ, ಸವೆದು ಚೂರು ಬಿಸಿಯಾಗಿ ಮುಗಿದುಹೋಗುತ್ತವೆ.

"ಇದು ಯಾವ್ದು ಭಾವ?" ಎಂದ ನಾಗರಾಜ.

ನಾನು ಪುರಿಯನ್ನಷ್ಟೇ ನೋಡಿ, "ಎರಡೇ ಆಯಾಮ. ಹಾಳೆ ಇದ್ದಂಗೆ" ಎಂದೆ.

ಸುಳಿಯ ವಿಡಿಯೋ ಹಿಡಿಯಲು ಅವನು ಹಾಳೆಯ ಮೇಲೆ ಕಾಲಿಟ್ಟ. ಪಾಚಿ ಕಟ್ಟಿದ ಮೆಟ್ಟಿಲ ಕೆಳಗೆ ಇನ್ನೊಂದು ಮೆಟ್ಟಿಲು ಇರಲಿಲ್ಲ. ಪುರಿ ಗಂಭೀರವಾಗಿ ತಿರುಗುತ್ತಲೇ ಇತ್ತು. ಅದರ ನಡುವೆ ಅವನು ನೇರ ಕೆಳಗೆ ಹೋದ. ಒಂದು ಕೈ ಮೇಲೆ ಬಂತು, ಮತ್ತೆ ಹೋಯಿತು. ಸ್ನಾತಕೋತ್ತರ ಪದವೀಧರನಾದ ನಾನು ಪುರಿಯ ಪೊಟ್ಟಣ ಹಿಡಿದು ನಿಂತಿದ್ದೆ. ಹೊಗೆಸೊಪ್ಪು ಹರಾಜಿಗೆ ಹಾಕಿ ಕಾಲು ತೊಳೆಯಲು ಬಂದಿದ್ದ ರೈತರೊಬ್ಬರು, ಸೊಪ್ಪಿನ ಬೇಲು ಕಟ್ಟುವ ಹಗ್ಗ ಎಸೆದು ಅವನನ್ನು ದಡಕ್ಕೆ ಎಳೆದು ಹಾಕಿದರು. ಅವರು ನನ್ನ ಪಾಠವನ್ನೂ ಕೇಳಿಸಿಕೊಂಡಿದ್ದರು.

"ಪುರಿ ತೇಲ್ತದೆ ಸಾ, ಮನ್ಸ ತೇಲಾಕಿಲ್ಲ. ಮೇಲ್ಗಡೆ ನೋಡ್ಬುಟ್ಟು ಪಾಠ ಮಾಡ್ಬ್ಯಾಡಿ."

ಸುದ್ದಿಗೆ ಆಳವೇ ಇಲ್ಲವಾದ್ದರಿಂದ ಅದು ಶುದ್ಧ ಎರಡು ಆಯಾಮದ್ದು, ಸೇರಿ ಸೇರಿ ದೊಡ್ಡದಾಯಿತು. ಅರಕಲಗೂಡಿನಲ್ಲಿ ಅವನು ಜಾರಿದ್ದ; ಹೊಳೆನರಸೀಪುರದಲ್ಲಿ ಭಾವ ಹೇಳಿದ್ದಕ್ಕೆ ಇಳಿದಿದ್ದ; ಚನ್ನರಾಯಪಟ್ಟಣದ ನಮ್ಮ ಅತ್ತೆಯ ಮನೆ ಮುಟ್ಟುವಷ್ಟರಲ್ಲಿ ನಾನೇ ತಳ್ಳಿದ್ದೆ. ಅದನ್ನು ಪೂರಾ ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನೊಳಗಿನ ಭಯವಾದರೂ ಪುಸ್ತಕದ ಪ್ರಕಾರ ಆಳದ ಸುಳಿಯಂತೆ ಒಡೆದು, ಸವೆದು ಹೋಗಲಿ ಎಂದು ಕಾದೆ. ಹೋಗಿಲ್ಲ. ಕಾಫಿಗೆ ಸಕ್ಕರೆ ಕದಡಿದರೂ ಆ ಕೈ ಕಾಣುತ್ತದೆ.

ಈಗ ನಾಗರಾಜ ಬಂದಾಗಲೆಲ್ಲ ನಮ್ಮ ಹೊಸಿಲಲ್ಲಿ ನಿಂತು, "ಕಾಲಿಡ್ಲಾ ಭಾವ? ಎಷ್ಟು ಆಯಾಮ ಐತೆ?" ಎಂದು ಕೇಳುತ್ತಾನೆ. ಮನೆಯವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅವನು ಒಳಗೆ ಬಂದು ಕೂರುವವರೆಗೂ ಅವನ ಕಾಲನ್ನೇ ನೋಡುತ್ತಿರುತ್ತೇನೆ.